ಹೇಳಿದ ದಿನಕ್ಕೆ ಮೊದಲೇ ಬಂದ ಸ್ಯಾಟರ್ನ್

(ಹೋದ ತಿಂಗಳು ಒಂದು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಶುರು ಮಾಡುವ ಮುಂಚೆ ಎರಡು ವಸ್ತು ಕೊಡುತ್ತೇನೆ. ನೋಡಿ, ಪಕ್ಕದವರಿಗೆ ದಾಟಿಸಿ.

ಮೊದಲನೆಯದು ವಿಡಿಯೋ ಗೇಮಿನ ಹಳದಿ ಕ್ಯಾಸೆಟ್. ಇದನ್ನು ನಾವು ಯಾವತ್ತೂ ಕಾರ್ಟ್ರಿಡ್ಜ್ ಅಂತ ಕರೆದವರೇ ಅಲ್ಲ. ಒಳಗೆ ಟೇಪ್ ಇಲ್ಲದಿದ್ದರೂ ನಮಗೆ ಇದು ಕ್ಯಾಸೆಟ್ಟೇ. ಕೆಳಗಿನ ಬಾಯಿ ನೋಡಿ. ಸಾಲಾಗಿ ಸಣ್ಣ ಲೋಹದ ಪಟ್ಟಿಗಳಿವೆ, ಒಂದು ಬದಿಗೆ 30, ಇನ್ನೊಂದು ಬದಿಗೆ 30. ಗೇಮ್ ಓಡದಿದ್ದರೆ ಬಾಯಿಟ್ಟು ಊದುತ್ತಿದ್ದದ್ದು ಇಲ್ಲಿಗೇ. ಬಿಚ್ಚಿ ನೋಡಿದರೆ ಒಳಗೆ ಒಂದು ಸಣ್ಣ ಬೋರ್ಡು, ಅದರ ಮೇಲೆ ಟಾರು ತೊಟ್ಟಿಕ್ಕಿದ ಹಾಗೆ ಒಂದು ಕಪ್ಪು ಬೊಟ್ಟು. ಬೊಟ್ಟಿನ ಕೆಳಗೆ ಚಿಪ್ಪು, ಚಿಪ್ಪಿನಲ್ಲಿ ಗೇಮ್.

ಎರಡನೆಯದು ಸೋನಿ ಕಂಪನಿಯ ಪ್ಲೇಸ್ಟೇಷನ್ನಿನ ಗೇಮ್ ಡಿಸ್ಕ್. ಬೇರೆ ಸಿ.ಡಿ.ಗಳ ಬೆನ್ನು ಬೆಳ್ಳಿ ಬಣ್ಣ ಇರುತ್ತದೆ, ಇದರ ಬೆನ್ನು ಕಪ್ಪು. ಎಷ್ಟು ತೆಳ್ಳಗಿದೆ ನೋಡಿ.

ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ದಿನದ ಕಥೆ. 1995ರ ಮೇ 11, ಲಾಸ್ ಏಂಜಲೀಸ್. ಆ ದಿನ ಬೆಳಿಗ್ಗೆ ಸೆಗಾ ಎಂಬ ದೊಡ್ಡ ವಿಡಿಯೋ ಗೇಮ್ ಕಂಪನಿ, ಸ್ಯಾಟರ್ನ್ ಎಂಬ ತನ್ನ ಹೊಸ ಕನ್ಸೋಲಿಗೆ (ಕನ್ಸೋಲ್ ಅಂದರೆ ಟಿ.ವಿ.ಗೆ ಜೋಡಿಸಿ ಗೇಮ್ ಆಡುವ ಡಬ್ಬಿ) ತಾನು ಕೊಟ್ಟ ದಿನಾಂಕವನ್ನು ತಾನೇ ಮುರಿಯಿತು. ತಡ ಮಾಡಿ ಮುರಿಯಲಿಲ್ಲ, ಬೇಗ ಬಂದು ಮುರಿಯಿತು. ಬೇಗ ಬಂದರೆ ಯಾರಿಗೇನು ತೊಂದರೆ ಅಂತ ನಿಮಗೆ ಅನಿಸಬಹುದು. ಆ ತೊಂದರೆ ಏನು ಅನ್ನುವುದೇ ಇವತ್ತಿನ ಮಾತು.

ಸ್ವಲ್ಪ ಹಿಂದಕ್ಕೆ ಹೋಗೋಣ. 1983ರಲ್ಲಿ ಅಮೆರಿಕದ ವಿಡಿಯೋ ಗೇಮ್ ಮಾರುಕಟ್ಟೆ ಕುಸಿದು ಬಿತ್ತು. ಅಟಾರಿ ಎಂಬ ಕಂಪನಿಯ ಕನ್ಸೋಲಿಗೆ ಯಾರು ಬೇಕಾದರೂ ಗೇಮ್ ಮಾಡಿ ಮಾರಬಹುದಿತ್ತು, ಮಾಡಿದರು ಕೂಡ. ಅಂಗಡಿಗಳ ತುಂಬ ಕೆಟ್ಟ ಗೇಮುಗಳು ಬಂದು ಬಿದ್ದವು. ಮಾರಾಟವಾಗದ್ದನ್ನು ವಾಪಸ್ ಕೊಡೋಣ ಅಂದರೆ ಮಾಡಿದ ಕಂಪನಿ ಬಾಗಿಲು ಹಾಕಿಕೊಂಡಿರುತ್ತಿತ್ತು. ಅಂಗಡಿಯವರು ಸಿಕ್ಕ ಬೆಲೆಗೆ ತಳ್ಳಿದರು, ಅದನ್ನು ನೋಡಿ ಒಳ್ಳೆಯ ಗೇಮುಗಳನ್ನೂ ಜನ ಪೂರ್ತಿ ಬೆಲೆಗೆ ಕೊಳ್ಳುವುದನ್ನು ಬಿಟ್ಟರು. ಅಟಾರಿ ತನ್ನಲ್ಲಿ ಉಳಿದ ಕಾರ್ಟ್ರಿಡ್ಜುಗಳನ್ನು ನ್ಯೂ ಮೆಕ್ಸಿಕೋದ ಅಲಮಗೋರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತು ಹಾಕಿತು. ಇದನ್ನು ಸುಮಾರು ಜನ ಕಟ್ಟುಕಥೆ ಅಂದುಕೊಂಡಿದ್ದರು. 2014ರಲ್ಲಿ ಅಗೆದು ನೋಡಿದರೆ ನಿಜವಾಗಿಯೂ ಸಿಕ್ಕವು.

ಅದಾದ ಮೇಲೆ ಅಮೆರಿಕದ ಆಟಿಕೆ ಅಂಗಡಿಯವರು ವಿಡಿಯೋ ಗೇಮ್ ಅಂದರೆ ಕೈಮುಗಿದು ಕಳಿಸುತ್ತಿದ್ದರು. 1985ರಲ್ಲಿ ಜಪಾನಿನ ನಿಂಟೆಂಡೊ ನ್ಯೂಯಾರ್ಕಿಗೆ ಬಂದಾಗ ಜೊತೆಗೆ ಒಂದು ರೋಬೋ ಗೊಂಬೆಯನ್ನೂ ತಂದಿತ್ತು, ಇದು ಆಟಿಕೆ ಅಂತ ಅನಿಸಲಿ ಎಂದು. ಮಾರಾಟವಾಗದೆ ಉಳಿದದ್ದನ್ನು ನಾವೇ ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ಅಂಗಡಿಯವರಿಗೆ ಮಾತು ಕೊಟ್ಟಿತು. ಆ ಮಾತಿನ ಮೇಲೆಯೇ ಕನ್ಸೋಲ್ ವ್ಯಾಪಾರ ಅಲ್ಲಿ ಮತ್ತೆ ಎದ್ದು ನಿಂತದ್ದು.

ನಿಂಟೆಂಡೊ ಇನ್ನೊಂದು ಕೆಲಸ ಮಾಡಿತು. ಅಮೆರಿಕದ ಕನ್ಸೋಲಿನೊಳಗೆ ಒಂದು ಬೀಗದ ಚಿಪ್ಪು, ಕಾರ್ಟ್ರಿಡ್ಜಿನೊಳಗೆ ಅದರ ಜೋಡಿ ಚಿಪ್ಪು. ಎರಡೂ ಒಂದಕ್ಕೊಂದು ಗುರುತು ಹಿಡಿಯದಿದ್ದರೆ ಗೇಮ್ ಓಡುವುದಿಲ್ಲ. ಹಾಗಾಗಿ ಹೊರಗಿನ ಕಂಪನಿಗಳು ನಿಂಟೆಂಡೊ ಹತ್ತಿರ ಲೈಸೆನ್ಸ್ ತೆಗೆದುಕೊಳ್ಳಲೇಬೇಕು. ವರ್ಷಕ್ಕೆ 5 ಗೇಮ್ ಮಾತ್ರ. ಕಾರ್ಟ್ರಿಡ್ಜ್ ಮಾಡಿಕೊಡುವುದೂ ನಿಂಟೆಂಡೊನೇ, ಅದಕ್ಕೆ ಮುಂಗಡ ದುಡ್ಡು ಬೇರೆ. ಎಷ್ಟು ಸಾವಿರ ಬೇಕು ಅಂತ ತಿಂಗಳುಗಳ ಮುಂಚೆಯೇ ಹೇಳಬೇಕು. ಕಡಿಮೆ ಹೇಳಿದರೆ ಅಂಗಡಿಯಲ್ಲಿ ಸ್ಟಾಕ್ ಮುಗಿದು ಗಿರಾಕಿ ವಾಪಸ್ ಹೋಗುತ್ತಾನೆ, ಜಾಸ್ತಿ ಹೇಳಿದರೆ ಗೋದಾಮಿನಲ್ಲಿ ಕೊಳೆಯುತ್ತದೆ.

ಈಗ ನಿಮ್ಮ ಕೈಯಲ್ಲಿರುವ ಹಳದಿ ಕ್ಯಾಸೆಟ್ಟಿಗೆ ಬನ್ನಿ. ಇದರಲ್ಲಿ ಬೀಗದ ಚಿಪ್ಪು ಇಲ್ಲ. ಜಪಾನಿನಲ್ಲಿ 1983ರಲ್ಲಿ ಬಂದ ನಿಂಟೆಂಡೊ ಕನ್ಸೋಲ್ ಫ್ಯಾಮಿಕಾಮ್‌ನಲ್ಲಿ ಆ ಬೀಗವೇ ಇರಲಿಲ್ಲ. ಅಮೆರಿಕದ ಕಾರ್ಟ್ರಿಡ್ಜಿಗೆ 72 ಪಿನ್, ಫ್ಯಾಮಿಕಾಮಿಗೆ 60. ನಮ್ಮ ಊರುಗಳಿಗೆ ಬಂದದ್ದು ಆ 60 ಪಿನ್ನಿನ ಜಪಾನಿ ಮಾದರಿಯ ನಕಲು. ಅದಕ್ಕೇ ಹಾಸನದ ಅಂಗಡಿಯಲ್ಲಿ ತಂದ ಕ್ಯಾಸೆಟ್ ಹುಬ್ಬಳ್ಳಿಯ ದೊಡ್ಡಪ್ಪನ ಮನೆಯ ಬೇರೆ ಹೆಸರಿನ ಡಬ್ಬಿಯಲ್ಲೂ ಓಡುತ್ತಿತ್ತು. ಒಂದು ಬೇಸಿಗೆ ರಜೆ ಪೂರ್ತಿ ನಾವು ಅಣ್ಣತಮ್ಮಂದಿರು ಐದು ಕ್ಯಾಸೆಟ್ ಹಂಚಿಕೊಂಡು ಆಡಿದ್ದೇವೆ. ಮಾರಿಯೋನನ್ನು ಮಾಡಿದವರು ಯಾರು, ಬಿಡುಗಡೆ ಯಾವಾಗ ಆಯಿತು, ಇದ್ಯಾವುದೂ ನಮಗೆ ಗೊತ್ತಿರಲಿಲ್ಲ. ಕ್ಯಾಸೆಟ್ ಅಂಗಡಿಗೆ ಬಂದ ದಿನವೇ ನಮ್ಮ ಪಾಲಿಗೆ ಬಿಡುಗಡೆಯ ದಿನ.

ಅಮೆರಿಕದಲ್ಲೂ ಮೊದಮೊದಲು ಹಾಗೇ ಇತ್ತು. ಪೆಟ್ಟಿಗೆ ಬಂತು, ಅಂಗಡಿಯವನು ಒಡೆದು ಇಟ್ಟ, ಮಾರಾಟ ಶುರು. ಇದನ್ನು ಬದಲಾಯಿಸಿದವರಲ್ಲಿ ಮುಖ್ಯವಾದ ಕಂಪನಿ ಸೆಗಾ.

ಸೆಗಾದ ಜೆನೆಸಿಸ್ ಕನ್ಸೋಲ್ 1989ರಲ್ಲೇ ಅಮೆರಿಕಕ್ಕೆ ಬಂದಿತ್ತು, ನಿಂಟೆಂಡೊದ ಅದೇ ತಲೆಮಾರಿನ ಕನ್ಸೋಲಿಗಿಂತ ಎರಡು ವರ್ಷ ಮುಂಚೆ. ಆ ಎರಡು ವರ್ಷ ಸೆಗಾಗೆ ತುಂಬಾ ಅನುಕೂಲವಾಯಿತು. ಅಲ್ಲಿನ ಕಚೇರಿಯ ಮುಖ್ಯಸ್ಥ ಟಾಮ್ ಕಲಿನ್ಸ್ಕಿ, ಗೊಂಬೆ ಮಾರುವ ಮ್ಯಾಟೆಲ್ ಕಂಪನಿಯಲ್ಲಿ ಪಳಗಿದವರು. 1992ರ ನವೆಂಬರ್ 24, ಮಂಗಳವಾರ. ಸೆಗಾದ ಮುಖ್ಯ ಪಾತ್ರ ಸೋನಿಕ್‌ನ ಎರಡನೇ ಗೇಮನ್ನು ಅಮೆರಿಕ, ಯುರೋಪ್ ಎರಡೂ ಕಡೆ ಅದೇ ದಿನ ಬಿಡುವುದು ಎಂದು ಗೊತ್ತು ಮಾಡಿದರು. ಟ್ಯೂಸ್‌ಡೇ ಪದದೊಳಗೆ ಎರಡನೇ ಭಾಗದ 'ಟೂ' ಸೇರಿಸಿ ಜಾಹೀರಾತು ಕೊಟ್ಟರು. ಅಲ್ಲಿಯವರೆಗೆ ಇಷ್ಟು ದೊಡ್ಡ ಮಟ್ಟದಲ್ಲಿ ಒಂದು ಗೇಮಿಗೆ ಒಂದು ದಿನ ಅಂತ ಗೊತ್ತು ಮಾಡಿದ್ದು ಅಪರೂಪ.

ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಗಾಂಧಿನಗರದ ಥಿಯೇಟರ್ ಮುಂದೆ ಶುಕ್ರವಾರದ ಮೊದಲ ಆಟಕ್ಕೆ ಕಟೌಟ್ ಎದ್ದು, ಹಾರ ಬಿದ್ದು, ಹಾಲಿನ ಅಭಿಷೇಕ ಆಗುತ್ತದಲ್ಲ, ಆ ಸಂಭ್ರಮವನ್ನು ಸೆಗಾ ಗೇಮಿಗೆ ತಂದಿತು. ದಿನಾಂಕ ಗೊತ್ತಾದ ಕೂಡಲೇ ಎಲ್ಲರೂ ಅದರ ಸುತ್ತ ತಮ್ಮ ಲೆಕ್ಕ ಹಾಕಿಕೊಳ್ಳುತ್ತಾರೆ. ಅಂಗಡಿಯವನು ಜಾಗ ಖಾಲಿ ಮಾಡುತ್ತಾನೆ, ಪತ್ರಿಕೆಯವರು ವಿಮರ್ಶೆ ಬರೆದಿಟ್ಟುಕೊಳ್ಳುತ್ತಾರೆ, ಹುಡುಗರು ಹಣ ಕೂಡಿಡುತ್ತಾರೆ.

ಇದನ್ನು ಕಲಿಸಿದ ಕಂಪನಿಯೇ ಎರಡೂವರೆ ವರ್ಷದಲ್ಲಿ ಇದನ್ನು ಮರೆತದ್ದು ನನಗೆ ಇವತ್ತಿಗೂ ಬೇಸರದ ಸಂಗತಿ.

ನಡುವೆ ಸೋನಿಯ ವಿಷಯ ಬೇಗ ಹೇಳಿಬಿಡುತ್ತೇನೆ. ನಿಂಟೆಂಡೊ ಮತ್ತು ಸೋನಿ ಸೇರಿ ಸಿ.ಡಿ. ಓಡಿಸುವ ಕನ್ಸೋಲ್ ಮಾಡುವುದು ಅಂತ ಒಪ್ಪಂದವಾಗಿತ್ತು. 1991ರ ಜೂನಿನಲ್ಲಿ ಷಿಕಾಗೋದ ಮೇಳದಲ್ಲಿ ಸೋನಿ ಅದನ್ನು ಪ್ರಕಟಿಸಿತು. ಮಾರನೇ ದಿನ ಅದೇ ಮೇಳದಲ್ಲಿ ನಿಂಟೆಂಡೊ ಬಂದು, ನಾವು ಫಿಲಿಪ್ಸ್ ಜೊತೆ ಕೈ ಜೋಡಿಸಿದ್ದೇವೆ ಅಂದಿತು. ಕಾರಣ ಲೈಸೆನ್ಸ್ ದುಡ್ಡು. ಹಳೆಯ ಒಪ್ಪಂದದ ಪ್ರಕಾರ ಸಿ.ಡಿ. ಗೇಮುಗಳ ಹಿಡಿತ ಸೋನಿ ಕೈಗೆ ಹೋಗುತ್ತಿತ್ತು. ಕನ್ಸೋಲ್ ವ್ಯಾಪಾರದಲ್ಲಿ ಡಬ್ಬಿಯಿಂದ ಬರುವ ಲಾಭ ಕಡಿಮೆ, ಎಷ್ಟೋ ಸಲ ನಷ್ಟಕ್ಕೇ ಮಾರುತ್ತಾರೆ. ದುಡ್ಡು ಹುಟ್ಟುವುದು ಒಂದೊಂದು ಗೇಮ್ ಮಾರಾಟವಾದಾಗಲೂ ಬರುವ ಪಾಲಿನಿಂದ. ಆ ಪಾಲನ್ನು ನಿಂಟೆಂಡೊ ಬಿಟ್ಟುಕೊಡಲು ತಯಾರಿರಲಿಲ್ಲ. ತುಂಬಿದ ಸಭೆಯಲ್ಲಿ ಅವಮಾನವಾದ ಸೋನಿ, ಕೆನ್ ಕುತರಾಗಿ ಎಂಬ ಎಂಜಿನಿಯರನ ಹಟದಿಂದ ತನ್ನದೇ ಕನ್ಸೋಲ್ ಮಾಡಿತು. ಪ್ಲೇಸ್ಟೇಷನ್ 1994ರ ಡಿಸೆಂಬರ್ 3ರಂದು ಜಪಾನಿನಲ್ಲಿ ಬಂತು. ಸೆಗಾದ ಸ್ಯಾಟರ್ನ್ ಅಲ್ಲಿಗೆ ನವೆಂಬರ್ 22ರಂದೇ ಬಂದಿತ್ತು, ಚೆನ್ನಾಗಿಯೇ ಮಾರಾಟವಾಗುತ್ತಿತ್ತು.

ಅಮೆರಿಕಕ್ಕೆ ಸ್ಯಾಟರ್ನ್ ಯಾವಾಗ? 1995ರ ಸೆಪ್ಟೆಂಬರ್ 2, ಶನಿವಾರ ಅಂತ ಸೆಗಾ ಹೇಳಿತ್ತು. ಸ್ಯಾಟರ್ನ್ ಅಂದರೆ ಶನಿ ಗ್ರಹ, ಬಿಡುಗಡೆ ಶನಿವಾರ, ನಮ್ಮ ಭಾಷೆಯಲ್ಲೂ ಹೊಂದಿಕೊಳ್ಳುತ್ತದೆ ಅಲ್ವಾ? ಪ್ಲೇಸ್ಟೇಷನ್ನಿನ ದಿನ ಸೆಪ್ಟೆಂಬರ್ 9.

ಮೇ 11ಕ್ಕೆ ಇ3 ಎಂಬ ಗೇಮ್ ಮೇಳ ಮೊಟ್ಟಮೊದಲ ಸಲ ಶುರುವಾಯಿತು. ಕಲಿನ್ಸ್ಕಿ ವೇದಿಕೆ ಹತ್ತಿ ಸ್ಯಾಟರ್ನಿನ ಬೆಲೆ 399 ಡಾಲರ್ ಅಂದರು. ಆಮೇಲೆ ಇನ್ನೊಂದು ಮಾತು ಹೇಳಿದರು. ಸೆಪ್ಟೆಂಬರ್ ತನಕ ಕಾಯಬೇಕಿಲ್ಲ, 30,000 ಸ್ಯಾಟರ್ನ್ ಈಗಾಗಲೇ ಅಂಗಡಿಗಳಿಗೆ ಹೋಗಿವೆ. ಯಾವ ಅಂಗಡಿ? ಟಾಯ್ಸ್ ಆರ್ ಅಸ್, ಬ್ಯಾಬೇಜಸ್, ಎಲೆಕ್ಟ್ರಾನಿಕ್ಸ್ ಬುಟೀಕ್, ಸಾಫ್ಟ್‌ವೇರ್ ಎಟ್ಸೆಟ್ರಾ. ಈ ನಾಲ್ಕು ಅಂಗಡಿ ಸರಪಳಿಗಳಿಗೆ ಮಾತ್ರ.

ಅದೇ ದಿನ ಸೋನಿಯ ಸರದಿ ಬಂತು. ಸೋನಿಯ ಸ್ಟೀವ್ ರೇಸ್ ಭಾಷಣಕ್ಕೆ ಎದ್ದು ಬಂದರು. ಮೈಕಿನ ಮುಂದೆ ನಿಂತು "299" ಅಂದರು. ಅಷ್ಟೇ, ಇಳಿದು ಹೋದರು. ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ.

ಎಲ್ಲರೂ ನೆನಪಿಟ್ಟುಕೊಂಡಿರುವುದು ಆ 299ನ್ನು. ನೂರು ಡಾಲರ್ ವ್ಯತ್ಯಾಸ ದೊಡ್ಡದೇ, ಇಲ್ಲ ಅನ್ನುವುದಿಲ್ಲ. ಆದರೆ ಬೆಲೆಯನ್ನು ನಾಳೆ ಇಳಿಸಬಹುದು, ಸೆಗಾ ಮುಂದೆ ಇಳಿಸಿತು ಕೂಡ. ದಿನಾಂಕದಿಂದ ಆದ ಗಾಯ ಹಾಗೆ ಮಾಯಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಒಂದು ಉದಾಹರಣೆ ನೋಡಿ. ದಸರಾಗೆ ಬಿಡುಗಡೆ ಅಂತ ರಾಜ್ಯದ ತುಂಬ ಪೋಸ್ಟರ್ ಅಂಟಿಸಿದ ಒಂದು ಸಿನಿಮಾ ಇದೆ ಅಂದುಕೊಳ್ಳಿ. ಯುಗಾದಿ ಮುಗಿದು ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ ನಿರ್ಮಾಪಕರು ಟಿ.ವಿ.ಯಲ್ಲಿ ಬಂದು, ನಮ್ಮ ಸಿನಿಮಾ ನಿನ್ನೆಯಿಂದಲೇ ನಾಲ್ಕು ಥಿಯೇಟರಿನಲ್ಲಿ ಓಡುತ್ತಿದೆ ಅಂದರೆ? ಉಳಿದ ಥಿಯೇಟರಿನವರಿಗೆ ಹೇಗಾಗಬೇಡ? ದಾವಣಗೆರೆಯಲ್ಲಿ, ಶಿವಮೊಗ್ಗದಲ್ಲಿ ಅಡ್ವಾನ್ಸ್ ಕೊಟ್ಟು ಕೂತವರು ಏನು ಮಾಡಬೇಕು?

ಅಲ್ಲಿ ಆದದ್ದೂ ಇದೇ. ಕೇಬಿ ಟಾಯ್ಸ್ ಎಂಬ ದೊಡ್ಡ ಆಟಿಕೆ ಅಂಗಡಿ ಸರಪಳಿಗೆ ಸ್ಯಾಟರ್ನ್ ಸಿಗಲಿಲ್ಲ. ಸಿಟ್ಟಾದ ಅವರು ಸ್ಯಾಟರ್ನನ್ನು ಮಾರುವುದೇ ಇಲ್ಲ ಅಂತ ಕೈಬಿಟ್ಟರು. ವಾಲ್‌ಮಾರ್ಟ್, ಬೆಸ್ಟ್ ಬೈ ಕೂಡ ಆ ನಾಲ್ಕರ ಪಟ್ಟಿಯಲ್ಲಿ ಇರಲಿಲ್ಲ. ಇವರೆಲ್ಲ ಹತ್ತು ವರ್ಷ ಮುಂಚೆ ಅಟಾರಿ ಕಾಲದಲ್ಲಿ ಕೈ ಸುಟ್ಟುಕೊಂಡ ವ್ಯಾಪಾರದವರು. ಅವರಿಗೆ ಮಾತು ಕೊಟ್ಟು, ಅದನ್ನು ಉಳಿಸಿಕೊಂಡು ನಿಂಟೆಂಡೊ ಈ ವ್ಯಾಪಾರವನ್ನು ಮತ್ತೆ ಕಟ್ಟಿತ್ತು ಎಂಬುದನ್ನು ನೆನಪಿಸಿಕೊಳ್ಳಿ.

ಇನ್ನು ಗೇಮ್ ಮಾಡುವವರ ಪಾಡು ನೋಡಿ. ನನಗೆ ಈ ಭಾಗವೇ ಹೆಚ್ಚು ನೋವಿನದು ಅನಿಸುತ್ತದೆ. ಹೊರಗಿನ ಕಂಪನಿಗಳು ಸೆಪ್ಟೆಂಬರ್ 2ಕ್ಕೆ ಸರಿಯಾಗಿ ಗೇಮ್ ಮುಗಿಸಲು ಹಗಲು ರಾತ್ರಿ ದುಡಿಯುತ್ತಿದ್ದವು. ಸ್ಯಾಟರ್ನ್ ಸುಲಭದ ಯಂತ್ರವೂ ಆಗಿರಲಿಲ್ಲ. ಹಿಟಾಚಿಯ ಎರಡು ಪ್ರೊಸೆಸರ್, ಎರಡು ಗ್ರಾಫಿಕ್ಸ್ ಚಿಪ್ಪು, ಎಲ್ಲವನ್ನೂ ಒಟ್ಟಿಗೆ ಹೂಡಿ ಉಳುವುದು ಕಷ್ಟ. ಬೇರೆ ಯಂತ್ರಗಳು ತ್ರಿಕೋನಗಳಿಂದ ಚಿತ್ರ ಕಟ್ಟಿದರೆ ಇದು ನಾಲ್ಕು ಮೂಲೆಯ ಆಕಾರಗಳಿಂದ ಕಟ್ಟುತ್ತಿತ್ತು. ಇಂಥ ಯಂತ್ರಕ್ಕೆ ಗೇಮ್ ಬರೆಯುತ್ತಾ ಕೂತಿರುವ ಒಂದು ಸಣ್ಣ ತಂಡಕ್ಕೆ ಮೇ ತಿಂಗಳಲ್ಲಿ, ಕನ್ಸೋಲ್ ಆಗಲೇ ಬಂದಾಯಿತು ಅಂತ ಸುದ್ದಿ ಮುಟ್ಟುತ್ತದೆ. ಹೊಸ ಕನ್ಸೋಲ್ ಕೊಂಡವನ ಹತ್ತಿರ ಮೊದಲ ದಿನ ಗೇಮಿಗೆ ದುಡ್ಡಿರುತ್ತದೆ, ಆಸೆ ಇರುತ್ತದೆ. ಆ ದುಡ್ಡೆಲ್ಲ ಅಂಗಡಿಯಲ್ಲಿದ್ದ ಬೆರಳೆಣಿಕೆಯ ಗೇಮುಗಳಿಗೆ ಹೋಯಿತು, ಅವು ಹೆಚ್ಚುಕಡಿಮೆ ಎಲ್ಲವೂ ಸೆಗಾದವೇ. ಆಮೇಲೆ ತಿಂಗಳುಗಟ್ಟಲೆ ಹೊಸ ಗೇಮುಗಳೇ ಸರಿಯಾಗಿ ಬರಲಿಲ್ಲ. ಕೊಂಡವನಿಗೂ ಬೇಸರ, ಮಾಡಿದವನಿಗೂ ನಷ್ಟ.

ಕೊಳ್ಳುವವರ ವಿಷಯವನ್ನೂ ಹೇಳಬೇಕು. ಅದರ ಹಿಂದಿನ ನವೆಂಬರಿನಲ್ಲಷ್ಟೇ ಸೆಗಾ ಅಮೆರಿಕದಲ್ಲಿ 32ಎಕ್ಸ್ ಎಂಬ ಒಂದು ಉಪಕರಣ ಬಿಟ್ಟಿತ್ತು. ಹಳೆಯ ಜೆನೆಸಿಸ್ ಮೇಲೆ ಅಣಬೆಯ ಹಾಗೆ ಕೂರಿಸಿದರೆ ಹೊಸ ತಲೆಮಾರಿನ ಗೇಮ್ ಆಡಬಹುದು, ಬೆಲೆ 159 ಡಾಲರ್. ಕ್ರಿಸ್‌ಮಸ್ಸಿಗೆ ಮನೆಯವರನ್ನು ಕಾಡಿ ಬೇಡಿ ಅದನ್ನು ತರಿಸಿಕೊಂಡ ಹುಡುಗನಿಗೆ ಆರೇ ತಿಂಗಳಲ್ಲಿ, ಅದು ಬಿಡು, ಇದು ತಗೋ ಅಂದರೆ ಮುಂದಿನ ಸಲ ಅವನು ನಂಬುತ್ತಾನಾ?

ಸೆಗಾ ಯಾಕೆ ಹೀಗೆ ಮಾಡಿತು? ದಡ್ಡತನ ಅಂತ ತಳ್ಳಿಹಾಕುವುದು ತಪ್ಪು. ಜೆನೆಸಿಸ್ ಎರಡು ವರ್ಷ ಮುಂಚೆ ಬಂದು ಗೆದ್ದಿತ್ತು, ಸ್ಯಾಟರ್ನಿಗೂ ನಾಲ್ಕು ತಿಂಗಳ ಮುನ್ನಡೆ ಸಿಕ್ಕರೆ ಸೋನಿಯನ್ನು ತಡೆಯಬಹುದು ಅಂತ ಜಪಾನಿನ ಮುಖ್ಯ ಕಚೇರಿ ಲೆಕ್ಕ ಹಾಕಿತು. ಕಲಿನ್ಸ್ಕಿಗೆ ಇದು ಇಷ್ಟವಿರಲಿಲ್ಲ, ಮೇಲಿನವರ ಮಾತಿಗೆ ಒಪ್ಪಬೇಕಾಯಿತು ಅಂತ ಅವರೇ ನಂತರದ ಸಂದರ್ಶನಗಳಲ್ಲಿ ಹೇಳಿದ್ದಾರೆ. ಲೆಕ್ಕ ತಪ್ಪಿದ್ದು ಒಂದು ಕಡೆ. ಜೆನೆಸಿಸ್ ಬೇಗ ಬಂದಾಗ ಯಾರಿಗೂ ಕೊಟ್ಟ ಮಾತು ಮುರಿದಿರಲಿಲ್ಲ.

ಸೆಪ್ಟೆಂಬರ್ 9ಕ್ಕೆ ಪ್ಲೇಸ್ಟೇಷನ್ ಬಂತು. ಸ್ಯಾಟರ್ನ್ ಅಲ್ಲಿಯವರೆಗೆ ಅಷ್ಟು ತಿಂಗಳಲ್ಲಿ ಮಾರಿದ್ದಕ್ಕಿಂತ ಜಾಸ್ತಿ ಪ್ಲೇಸ್ಟೇಷನ್ ಎರಡೇ ದಿನದಲ್ಲಿ ಮಾರಾಟವಾಯಿತು. ಕೊನೆಗೆ ಜಗತ್ತಿನಾದ್ಯಂತ ಸ್ಯಾಟರ್ನ್ ಸುಮಾರು 90 ಲಕ್ಷ, ಪ್ಲೇಸ್ಟೇಷನ್ 10 ಕೋಟಿಗೂ ಮೇಲೆ.

ಇಲ್ಲಿ ಕಪ್ಪು ಡಿಸ್ಕಿನ ಪಾತ್ರವೂ ಇದೆ. ಅದು ಯಾರ ಕೈಯಲ್ಲಿದೆ? ಎತ್ತಿ ಹಿಡಿಯಿರಿ. ಡಿಸ್ಕ್ ಒತ್ತಲು ಖರ್ಚು ಕಾರ್ಟ್ರಿಡ್ಜಿಗೆ ಹೋಲಿಸಿದರೆ ಏನೂ ಇಲ್ಲ, ಸಮಯವೂ ಕಡಿಮೆ. ಮೊದಲು ಸ್ವಲ್ಪ ಮಾಡಿಸಿ, ಓಡಿದರೆ ಮತ್ತೆ ಮಾಡಿಸಬಹುದು. ತಿಂಗಳುಗಳ ಮುಂಚೆ ಜೂಜು ಕಟ್ಟಬೇಕಿಲ್ಲ. ಸಣ್ಣ ಕಂಪನಿಗಳು ವಿಚಿತ್ರವಾದ, ಹೊಸ ಬಗೆಯ ಗೇಮುಗಳನ್ನು ಧೈರ್ಯವಾಗಿ ಮಾಡಿದ್ದು ಇದರಿಂದಲೇ. ನಿಂಟೆಂಡೊ ಮಾತ್ರ 1996ರ ತನ್ನ ಹೊಸ ಕನ್ಸೋಲಿಗೂ ಕಾರ್ಟ್ರಿಡ್ಜನ್ನೇ ಇಟ್ಟುಕೊಂಡಿತು. ಅದರ ಅತಿ ದೊಡ್ಡ ಕಾರ್ಟ್ರಿಡ್ಜಿನಲ್ಲಿ 64 ಎಂ.ಬಿ. ಹಿಡಿಯುತ್ತಿತ್ತು, ಒಂದು ಸಿ.ಡಿ.ಯಲ್ಲಿ 650. ಅಲ್ಲಿಯವರೆಗೆ ನಿಂಟೆಂಡೊ ಜೊತೆಗಿದ್ದ ಸ್ಕ್ವೇರ್ ಕಂಪನಿ ಮನೆ ಬದಲಾಯಿಸಿತು. ಅದು ಮಾಡುತ್ತಿದ್ದ ಫೈನಲ್ ಫ್ಯಾಂಟಸಿ ಸರಣಿಯ ಏಳನೇ ಗೇಮ್ 1997ರ ಜನವರಿ 31ರಂದು ಪ್ಲೇಸ್ಟೇಷನ್ನಿಗೆ ಬಂತು, ಮೂರು ಡಿಸ್ಕಿನಲ್ಲಿ.

ಸೆಗಾ ತಪ್ಪಿನಿಂದ ಕಲಿತಿತ್ತು ಅನ್ನುವುದಕ್ಕೆ ಮುಂದಿನ ಕನ್ಸೋಲ್ ಡ್ರೀಮ್‌ಕಾಸ್ಟ್ ಸಾಕ್ಷಿ. ಅಮೆರಿಕದಲ್ಲಿ ಬಿಡುಗಡೆ 9-9-99 ಅಂತ ತಿಂಗಳುಗಳ ಮುಂಚೆ ಸಾರಿದರು. ಬೆಲೆ 199 ಡಾಲರ್. ದಿನ ತಪ್ಪಲಿಲ್ಲ, ಮೊದಲ ದಿನವೇ ಹೆಚ್ಚುಕಡಿಮೆ 20 ಗೇಮುಗಳಿದ್ದವು. ಮೊದಲ 24 ಗಂಟೆಯ ವ್ಯಾಪಾರ 9 ಕೋಟಿ 80 ಲಕ್ಷ ಡಾಲರ್. ಎಷ್ಟು ಚೆಂದದ ಕೆಲಸ ನೋಡಿ. ಆದರೆ ಕ್ರೀಡಾ ಗೇಮುಗಳ ದೊರೆ ಇಎ ಕಂಪನಿ ಡ್ರೀಮ್‌ಕಾಸ್ಟಿಗೆ ಒಂದೇ ಒಂದು ಗೇಮ್ ಕೊಡಲಿಲ್ಲ. ಡಿ.ವಿ.ಡಿ. ಸಿನಿಮಾ ಕೂಡ ಓಡಿಸುವ ಪ್ಲೇಸ್ಟೇಷನ್ 2 ಬರುತ್ತದೆ ಅಂತ ಜನ ಕಾದು ಕೂತರು. ಸೆಗಾ ಅಧ್ಯಕ್ಷ ಇಸಾವೊ ಒಕಾವಾ ತಮ್ಮ ಸ್ವಂತ ಆಸ್ತಿಯ ದೊಡ್ಡ ಪಾಲನ್ನೇ ಕಂಪನಿಗೆ ಬಿಟ್ಟುಕೊಟ್ಟರು. 2001ರ ಜನವರಿ 31ರಂದು ಡ್ರೀಮ್‌ಕಾಸ್ಟ್ ನಿಲ್ಲಿಸುತ್ತೇವೆ, ಇನ್ನು ಕನ್ಸೋಲ್ ಮಾಡುವುದಿಲ್ಲ ಅಂತ ಸೆಗಾ ಪ್ರಕಟಿಸಿತು. ಮಾರ್ಚಿನಲ್ಲಿ ಒಕಾವಾ ತೀರಿಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಸೋನಿಕ್, ನಿಂಟೆಂಡೊ ಯಂತ್ರದ ಮೇಲೆ ಓಡತೊಡಗಿದ.

ಇಷ್ಟು ಹೇಳಿ ನಿಲ್ಲಿಸಿದೆ. ಪ್ರಶ್ನೆಗಳು ಬಂದವು.

ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಕೇಳಿದಳು: "ಸರ್, ಈಗ ಹೇಳದೆ ಕೇಳದೆ ಗೇಮ್ ಬಿಟ್ಟರೆ ಜನ ಖುಷಿ ಪಡುತ್ತಾರಲ್ಲ? ಹೈ-ಫೈ ರಶ್ ಹಾಗೇ ಬಂತಲ್ಲ?"

ಒಳ್ಳೆಯ ಪ್ರಶ್ನೆ. 2023ರ ಜನವರಿ 25ರಂದು ಆ ಗೇಮನ್ನು ತೋರಿಸಿ, ಅವತ್ತೇ ಬಿಟ್ಟರು. ಎಲ್ಲರಿಗೂ ಇಷ್ಟವಾಯಿತು. ಅಲ್ಲಿ ಯಾರಿಗೂ ಮೊದಲೇ ದಿನ ಕೊಟ್ಟಿರಲಿಲ್ಲ, ಪೆಟ್ಟಿಗೆ ಹೊತ್ತು ಅಂಗಡಿಗೆ ಹೋಗುವ ಕೆಲಸವೂ ಇರಲಿಲ್ಲ, ಎಲ್ಲ ಡೌನ್‌ಲೋಡ್. ಆದರೂ ಪಕ್ಕದವರಿಗೆ ಪೆಟ್ಟು ಬೀಳುವುದು ಪೂರ್ತಿ ತಪ್ಪಿಲ್ಲ. ಹಾಲೋ ನೈಟ್ ಸಿಲ್ಕ್‌ಸಾಂಗ್ ಗೇಮಿಗೆ ಜನ ವರ್ಷಗಟ್ಟಲೆ ಕಾದಿದ್ದರು. 2025ರ ಆಗಸ್ಟ್ 21ಕ್ಕೆ ಬಂದು, ಸೆಪ್ಟೆಂಬರ್ 4ಕ್ಕೆ ಬಿಡುಗಡೆ ಅಂದರು. ಎರಡೇ ವಾರ. ಅದೇ ದಿನಗಳಿಗೆ ತಮ್ಮ ಗೇಮ್ ಇಟ್ಟುಕೊಂಡಿದ್ದ ಕೆಲವು ಸಣ್ಣ ತಂಡಗಳು ಗಡಿಬಿಡಿಯಲ್ಲಿ ತಮ್ಮ ದಿನವನ್ನು ಮುಂದಕ್ಕೆ ಹಾಕಬೇಕಾಯಿತು. ಸಿಲ್ಕ್‌ಸಾಂಗ್ ಮಾಡಿದವರದ್ದು ತಪ್ಪು ಅನ್ನುವುದಿಲ್ಲ, ಅದೂ ಸಣ್ಣ ತಂಡವೇ. ಆದರೆ ದೊಡ್ಡ ಮರ ಬೀಳುವಾಗ ಕೆಳಗಿದ್ದವರಿಗೆ ಓಡಲು ಸಮಯ ಬೇಕು.

ಎರಡನೇ ಪ್ರಶ್ನೆ ಹಿಂದಿನ ಸಾಲಿನ ಒಬ್ಬ ಹುಡುಗನದು: "ನಮ್ಮ ಕಡೆ ಮಾತ್ರ ಯಾಕೆ ಲೇಟು?"

ಪ್ಲೇಸ್ಟೇಷನ್ 5 ಅಮೆರಿಕ, ಜಪಾನಿಗೆ 2020ರ ನವೆಂಬರ್ 12ರಂದು ಬಂತು. ನಮಗೆ ಬಂದದ್ದು 2021ರ ಫೆಬ್ರವರಿ 2. ಬೆಲೆ 49,990 ರೂಪಾಯಿ. ಮುಂಗಡ ಬುಕಿಂಗ್ ನಿಮಿಷಗಳಲ್ಲಿ ಮುಗಿಯಿತು. ಆ ಮೂರು ತಿಂಗಳ ಸಂದಿನಲ್ಲಿ ಗ್ರೇ ಮಾರ್ಕೆಟ್ಟಿನಲ್ಲಿ ಎಷ್ಟೋ ಜನ ಬಹಳ ಜಾಸ್ತಿ ದುಡ್ಡು ಕೊಟ್ಟು ಕೊಂಡರು. ಕನ್ಸೋಲ್ ಕೊಳ್ಳುವವರು ಇಲ್ಲಿ ಕಡಿಮೆ, ಹಾಗಾಗಿ ಸ್ಟಾಕ್ ಕಡಿಮೆ ಇದ್ದಾಗ ನಮ್ಮ ಸರದಿ ಕೊನೆಗೆ ಬರುತ್ತದೆ. ಅದು ನನಗೆ ಸರಿ ಕಾಣುವುದಿಲ್ಲ.

ಆದರೆ ಗೇಮ್ ಮಾಡುವ ಕೆಲಸದಲ್ಲಿ ನಮ್ಮ ಸರದಿ ಕೊನೆಯಲ್ಲಿಲ್ಲ. ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ ಬೆಂಗಳೂರಿನಲ್ಲಿ ಶುರುವಾದದ್ದು 1997ರಲ್ಲಿ. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕಂಪನಿ ಕೊಂಡು, ಬೆಂಗಳೂರಿನಲ್ಲೇ ಇದ್ದ ತನ್ನ ಸ್ಟುಡಿಯೋ ಜೊತೆ ಸೇರಿಸಿಕೊಂಡಿತು. ರಾಕ್‌ಸ್ಟಾರ್ ಅಂದರೆ ಜಿ.ಟಿ.ಎ., ಗ್ರ್ಯಾಂಡ್ ಥೆಫ್ಟ್ ಆಟೋ ಗೇಮ್ ಮಾಡುವವರು. ಜಿ.ಟಿ.ಎ. 6 ಮೊದಲು 2025 ಅಂದರು, ಆಮೇಲೆ 2026ರ ಮೇ 26, ಆಮೇಲೆ ನವೆಂಬರ್ 19. ಒಂದೊಂದು ಸಲ ಅದು ಜರುಗಿದಾಗಲೂ ಬೇರೆ ಕಂಪನಿಗಳೆಲ್ಲ ಕ್ಯಾಲೆಂಡರ್ ಬಿಚ್ಚಿ ಕೂರುತ್ತವೆ, ಅದರ ಪಕ್ಕದ ವಾರ ತಮಗೆ ಬೇಡ ಅಂತ.

ಆ ಹುಡುಗ ಮತ್ತೆ ಎದ್ದು, "ಹಾಗಾದರೆ ತಡ ಮಾಡುವುದು ಒಳ್ಳೆಯದೇ ಸರ್?" ಅಂದ. ತಡ ಆಗುತ್ತದೆ ಅಂತ ಆರು ತಿಂಗಳ ಮುಂಚೆ ಹೇಳಿದರೆ ಬೇರೆಯವರು ತಮ್ಮ ಲೆಕ್ಕ ಬದಲಾಯಿಸಿಕೊಳ್ಳಬಹುದು, ಕೇಬಿ ಟಾಯ್ಸ್‌ನವರಿಗೆ ಅಷ್ಟೂ ಸಿಕ್ಕಿರಲಿಲ್ಲ ಅಂದೆ.

ಅಷ್ಟರಲ್ಲಿ ಹಳದಿ ಕ್ಯಾಸೆಟ್ ಸಭೆಯೆಲ್ಲ ಸುತ್ತಿ ನನ್ನ ಮೇಜಿಗೆ ವಾಪಸ್ ಬಂದಿತ್ತು. ಕೊನೆಯಲ್ಲಿ ಹಿಡಿದಿದ್ದ ಹುಡುಗ ಕೊಡುವ ಮುಂಚೆ ಅದರ ಬಾಯಿಗೆ ಒಮ್ಮೆ ಊದಿ ಕೊಟ್ಟ.